ಬಾಟಲಿಯಲ್ಲಿ ಹಸಿರು, ರೇಡಿಯೇಟರ್‌ನಲ್ಲಿ ಕಂದು: ನಿಂತೇ ಇದ್ದ ಒಂದು ಕಾರಿನ ಕೂಲಂಟ್ ಪ್ರಕರಣ

ಮಲೆನಾಡಿನ ಒಂದು ಮನೆಯ ಶೆಡ್ಡಿನಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ನಿಂತಿದ್ದ ಕಾರಿನ ಪ್ರಕರಣ ಇದು. ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಬದಲಿಸಬೇಕಾ ಬೇಡವಾ ಎನ್ನುವ ಸಣ್ಣ ಪ್ರಶ್ನೆಯಿಂದ ಶುರುವಾದದ್ದು ಎಂಜಿನ್ ಹೆಡ್ (ಎಂಜಿನ್ನಿನ ಮೇಲಿನ ಭಾಗ) ಬಿಚ್ಚುವ ಮಾತಿನವರೆಗೂ ಹೋಯಿತು. ನಮ್ಮ ಗ್ಯಾರೇಜಿಗೆ ಫೋನ್ ಬರುವ ಹೊತ್ತಿಗೆ ಇಬ್ಬರು ಎರಡು ತೀರ್ಪು ಕೊಟ್ಟಾಗಿತ್ತು. ಒಬ್ಬರ ಪ್ರಕಾರ ಏನೂ ಮಾಡಬೇಕಿಲ್ಲ. ಇನ್ನೊಬ್ಬರ ಪ್ರಕಾರ ಎಂಜಿನ್ ಬಿಚ್ಚಲೇಬೇಕು. ಮಾಲೀಕರ ಹೆಸರು, ಊರು, ಕಾರಿನ ಕಂಪನಿ ಇಲ್ಲಿ ಬರೆದಿಲ್ಲ.

ಹಿನ್ನೆಲೆ

2015ರ ಮಾದರಿಯ ಸಣ್ಣ ಪೆಟ್ರೋಲ್ ಕಾರು. ಕಬ್ಬಿಣದ ಬ್ಲಾಕ್ (ಎಂಜಿನ್ನಿನ ಕೆಳಗಿನ ಮುಖ್ಯ ಭಾಗ), ಅಲ್ಯುಮಿನಿಯಂ ಹೆಡ್, ಅಲ್ಯುಮಿನಿಯಂ ರೇಡಿಯೇಟರ್. ಓಡಿದ್ದು 28,000 ಕಿಲೋಮೀಟರ್ ಅಷ್ಟೇ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಾರು ಶೆಡ್ಡಿಗೆ ಹೋಯಿತು. ಆಮೇಲೆ ಅವರಿಗೆ ಮಂಡಿ ಆಪರೇಷನ್ ಆಯಿತು. ಕಾರು ಅಲ್ಲೇ ಉಳಿಯಿತು.

ಹಾಗಂತ ಅವರು ಕಾರನ್ನು ಮರೆತಿರಲಿಲ್ಲ. ಬ್ಯಾಟರಿ ಇಳಿಯಬಾರದು ಅಂತ ಭಾನುವಾರ ಬೆಳಿಗ್ಗೆ ಐದು ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಅಭ್ಯಾಸ ಮುಂದೆ ಎರಡು ಕಡೆ ಗೊಂದಲಕ್ಕೆ ಕಾರಣವಾಯಿತು.

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಮಗ ಬಂದರು. ಅಪ್ಪ ಅಮ್ಮನನ್ನು ಅದೇ ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಕರೆದುಕೊಂಡು ಹೋಗುವ ಯೋಚನೆ ಅವರದು. ಘಾಟಿ ಇಳಿಯುವಾಗ ಎಂಜಿನ್ನಿಗೆ ಅಂಥ ಕೆಲಸ ಇರುವುದಿಲ್ಲ. ವಾಪಸ್ ಬರುವಾಗ ಘಾಟಿಯ ಕೆಳಗಿನ ಸೋಮೇಶ್ವರದಿಂದ ಮೇಲಕ್ಕೆ ಹೇರ್‌ಪಿನ್ ತಿರುವುಗಳನ್ನು ಹತ್ತಬೇಕು. ಒಂದನೇ, ಎರಡನೇ ಗೇರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತದೆ. ವೇಗ ಕಡಿಮೆ ಇರುವುದರಿಂದ ರೇಡಿಯೇಟರ್‌ಗೆ ಗಾಳಿ ಬೀಸುವುದೂ ಕಡಿಮೆ. ಕೂಲಂಟ್ ಸರಿಯಿಲ್ಲದ ಕಾರು ಊರೊಳಗೆ ಚೆನ್ನಾಗಿಯೇ ಓಡಿ, ಇಂಥ ಜಾಗದಲ್ಲಿ ಕೈಕೊಡುತ್ತದೆ.

ಎರಡು ತೀರ್ಪು

ಮಗ ಓದಿಕೊಂಡು, ತಯಾರಾಗಿಯೇ ಬಂದಿದ್ದರು. ಬಾನೆಟ್ ತೆಗೆದು ಕೂಲಂಟ್ ಬಾಟಲಿ ನೋಡಿದರು. ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇತ್ತು. ಬಣ್ಣ ತಿಳಿಹಸಿರು, ಗಸಿ ಇಲ್ಲ. ಸ್ನೇಹಿತರ ಹತ್ತಿರ ಇದ್ದ ರಿಫ್ರ್ಯಾಕ್ಟೋಮೀಟರ್ (ಕೂಲಂಟ್ ಎಷ್ಟು ಚಳಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಉಪಕರಣ) ತಂದು ಒಂದು ಹನಿ ಹಾಕಿ ನೋಡಿದರೆ, ಮೈನಸ್ 34 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ ಎಂದು ತೋರಿಸಿತು. ಅಂದರೆ ಕೂಲಂಟ್‌ನ ಮೂಲ ದ್ರವವಾದ ಗ್ಲೈಕಾಲ್, ನೀರಿನ ಜೊತೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಇದೆ. "ಕೂಲಂಟ್ ಹೊಸದರ ಹಾಗಿದೆ, ಓಡಿದ್ದೂ ಕಮ್ಮಿ. ಬದಲಿಸೋದು ಯಾಕೆ?" ಎಂಬುದು ಅವರ ವಾದ.

ಊರಿನ ಮೆಕ್ಯಾನಿಕ್ ಬಂದು ಆಯಿಲ್ ಹಾಕುವ ಮುಚ್ಚಳ ತೆಗೆದರು. ಒಳಗಡೆ ಬೆಣ್ಣೆಯಂಥ ಬಿಳಿ ಲೋಳೆ ಅಂಟಿತ್ತು. "ಸಾರ್, ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್‌ಗೆ ನೀರು ಸೇರ್ತಾ ಇದೆ. ಹೆಡ್ ಇಳಿಸಲೇಬೇಕು" ಎಂದರು. ಖರ್ಚು ಇಪ್ಪತ್ತು ಸಾವಿರದ ಮೇಲೆ ಆಗುತ್ತದೆ ಎಂದೂ ಹೇಳಿದರು. ಹೆಡ್ ಗ್ಯಾಸ್ಕೆಟ್ ಅಂದರೆ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್.

ಯಜಮಾನರು ನಮಗೆ ಫೋನ್ ಮಾಡಿದ್ದು ಆ ಸಂಜೆ. ಅವರು ಕೇಳಿದ್ದು ಇಷ್ಟೇ: "ಇವನು ಏನೂ ಬೇಡ ಅಂತಾನೆ, ಅವರು ಎಂಜಿನ್ನೇ ಬಿಚ್ಚಬೇಕು ಅಂತಾರೆ. ನಾನು ಯಾರ ಮಾತು ಕೇಳಲಿ?"

ಮೊದಲು ಕಾಗದ ನೋಡಿದೆವು

ಸ್ಪ್ಯಾನರ್ ಹಿಡಿಯುವ ಮೊದಲು ಸರ್ವಿಸ್ ಬುಕ್ ಮತ್ತು ಹಳೆಯ ಬಿಲ್‌ಗಳನ್ನು ಕೇಳಿದೆವು. ಕೂಲಂಟ್ ವಿಷಯದಲ್ಲಿ ಕಿಲೋಮೀಟರ್ ಅರ್ಧ ಕಥೆ ಮಾತ್ರ. ಮ್ಯಾನುಯಲ್‌ನಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ತುಕ್ಕು ತಡೆಯಲು ಸಿಲಿಕೇಟ್ ಬೆರೆಸುವ ಹಳೆಯ ಮಾದರಿಯ ಕೂಲಂಟ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ಅದರ ಬದಲು ಆರ್ಗ್ಯಾನಿಕ್ ಆಸಿಡ್ ಬಳಸುವ ಬಗೆಯದು ಐದು ವರ್ಷದ ಆಸುಪಾಸು. ಕಾರು ನಿಂತಿದ್ದರೂ ಈ ಲೆಕ್ಕ ಓಡುತ್ತಲೇ ಇರುತ್ತದೆ.

2018ರ ಒಂದು ಬಿಲ್‌ನಲ್ಲಿ ಎರಡು ಸಾಲು ಸಿಕ್ಕವು: ಹೋಸ್ ಪೈಪ್ ಬದಲಾವಣೆ, ಕೂಲಂಟ್ 1 ಲೀಟರ್. ಈ ಕಾರಿನ ಕೂಲಿಂಗ್ ವ್ಯವಸ್ಥೆಯಲ್ಲಿ ಒಟ್ಟು 4.5 ಲೀಟರ್ ಹಿಡಿಯುತ್ತದೆ. ಹೋಸ್ ಬಿಚ್ಚಿದಾಗ ಒಳಗಿದ್ದದ್ದು ಬಹುಪಾಲು ಸುರಿದುಹೋಗಿರುತ್ತದೆ. ಹಾಗಾದರೆ ಉಳಿದ ಜಾಗಕ್ಕೆ ಹೋದದ್ದು ಏನು? ನೀರೇ ಇರಬೇಕು. ಬಿಲ್‌ನಲ್ಲಿ ಡಿಸ್ಟಿಲ್ಡ್ ವಾಟರ್‌ನ ಸುದ್ದಿ ಇರಲಿಲ್ಲ.

ಬಾಟಲಿಯಲ್ಲಿ ಹೊಸದರ ಹಾಗಿದ್ದ ಕೂಲಂಟ್ ಬಣ್ಣಕ್ಕೂ ಈ ಬಿಲ್‌ಗೂ ತಾಳೆಯಾಗಲಿಲ್ಲ. ಐದು ವರ್ಷದ ಹಿಂದೆ ನೀರು ಬೆರೆಸಿದ ಕೂಲಂಟ್ ಇಷ್ಟು ಚೆನ್ನಾಗಿ ಉಳಿಯುವುದು ಹೇಗೆ? ಯಜಮಾನರನ್ನೇ ಕೇಳಿದೆವು. ಅವರು ನೆನಪಿಸಿಕೊಂಡು ಹೇಳಿದರು: "ಎರಡು ವರ್ಷದ ಹಿಂದೆ ಬಾಟಲಿ ಕೊಳೆಯಾಗಿ ಕಾಣ್ತಿತ್ತು. ಬಿಚ್ಚಿ ತೊಳೆದು, ಅಂಗಡಿಯಿಂದ ನೀರು ಬೆರೆಸಿಯೇ ಬರುವ ರೆಡಿ ಮಿಕ್ಸ್ ಕ್ಯಾನ್ ತಂದು ನಾನೇ ತುಂಬಿಸಿದೆ."

ಪ್ರಕರಣ ತಿರುಗಿದ್ದು ಇಲ್ಲಿ. ಮಗ ಪರೀಕ್ಷೆ ಮಾಡಿದ್ದು ಎಂಜಿನ್ ಒಳಗೆ ಇದ್ದ ಕೂಲಂಟ್ ಅಲ್ಲ. ಅಪ್ಪ ಬಾಟಲಿಗೆ ಹಾಕಿದ್ದ ಕೂಲಂಟ್.

ಬಾಟಲಿ ಮತ್ತು ರೇಡಿಯೇಟರ್

ನಮ್ಮಲ್ಲಿ ಓಡುವ ಕಾರುಗಳಲ್ಲಿ ಎರಡು ಬಗೆ ಇವೆ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಮೇಲೆ ಕ್ಯಾಪ್ ಇರುವುದೇ ಇಲ್ಲ. ಒತ್ತಡ ತಡೆಯುವ ಮುಚ್ಚಳ ಬಾಟಲಿಯ ಮೇಲೆಯೇ ಇರುತ್ತದೆ, ಕೂಲಂಟ್ ಆ ಬಾಟಲಿಯ ಮೂಲಕವೂ ಸುತ್ತುತ್ತದೆ. ಅಂಥ ಕಾರಿನಲ್ಲಿ ಬಾಟಲಿಯಿಂದ ತೆಗೆದ ಸ್ಯಾಂಪಲ್ ನಂಬಬಹುದು.

ಈ ಕಾರು ಇನ್ನೊಂದು ಬಗೆಯದು. ರೇಡಿಯೇಟರ್ ಮೇಲೆ ಕ್ಯಾಪ್ ಇದೆ. ಅದರ ಕತ್ತಿನಿಂದ ಒಂದು ತೆಳು ಪೈಪ್ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗುತ್ತದೆ. ಎಂಜಿನ್ ಬಿಸಿಯಾದಾಗ ಕೂಲಂಟ್ ಹಿಗ್ಗಿ ಸ್ವಲ್ಪ ಬಾಟಲಿಗೆ ಬರುತ್ತದೆ. ತಣ್ಣಗಾದಾಗ ಒಳಗೆ ಎಳೆತ ಉಂಟಾಗಿ ಅದು ವಾಪಸ್ ಹೋಗುತ್ತದೆ. ಕಾರು ದಿನಾ ಓಡುತ್ತಿದ್ದರೆ ಎರಡೂ ಕಡೆಯದು ನಿಧಾನವಾಗಿ ಬೆರೆಯುತ್ತದೆ. ನಿಂತ ಕಾರಿನಲ್ಲಿ ಹೆಚ್ಚಾಗಿ ಬೆರೆಯುವುದಿಲ್ಲ.

ರಾತ್ರಿಯೆಲ್ಲಾ ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ಅನ್ನು ಬೆಳಿಗ್ಗೆ ತೆಗೆದೆವು. ಇದನ್ನು ಒತ್ತಿ ಹೇಳಬೇಕು: ಎಂಜಿನ್ ಬಿಸಿಯಿದ್ದಾಗ ಈ ಕ್ಯಾಪ್ ಮುಟ್ಟಲೇಬಾರದು. ಒತ್ತಡ ಹೋದ ಕ್ಷಣವೇ ಒಳಗಿನದು ಕುದಿದು ಮುಖಕ್ಕೆ ಹಾರುತ್ತದೆ.

ಬಾಟಲಿಯಲ್ಲಿ ಮಟ್ಟ ಸರಿಯಿತ್ತು. ರೇಡಿಯೇಟರ್‌ನಲ್ಲಿ ಮಾತ್ರ ಕತ್ತಿಗಿಂತ ಎರಡು ಬೆರಳು ಕೆಳಗಿತ್ತು. ಕತ್ತಿನ ಒಳಗೆ ಬೆರಳಾಡಿಸಿದರೆ ಕಂದು ಪುಡಿ ಅಂಟಿತು. ಅಂಚಿನಲ್ಲಿ ಉಪ್ಪಿನಂಥ ಬಿಳಿ ಪದರವೂ ಕಂಡಿತು.

ರೇಡಿಯೇಟರ್ ಬರಿದಾಗುತ್ತಿದ್ದರೂ ಬಾಟಲಿಯಿಂದ ಅದು ಎಳೆದುಕೊಳ್ಳುತ್ತಿಲ್ಲ ಎಂದಾಯಿತು. ತೆಳು ಪೈಪನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ನೋಡಿದಾಗ ಕಾರಣ ಸಿಕ್ಕಿತು. ಕೆಳಬದಿಯಲ್ಲಿ ಇಲಿ ಕಡಿದಿತ್ತು. ಕೆಳಗಿನ ಪಟ್ಟಿಯ ಮೇಲೆ ಕೂಲಂಟ್ ಹನಿದು ಒಣಗಿದ ಕಲೆಗಳಿದ್ದವು. ಭಾನುವಾರ ಸ್ಟಾರ್ಟ್ ಮಾಡಿದಾಗ ಹಿಗ್ಗಿದ ಕೂಲಂಟ್ ಆ ತೂತಿನಿಂದ ಹೊರಗೆ ಹನಿಯುತ್ತಿತ್ತು. ತಣ್ಣಗಾದಾಗ ಕೂಲಂಟ್ ಬದಲು ಗಾಳಿ ಒಳಗೆ ಹೋಗುತ್ತಿತ್ತು. ಬಾಟಲಿಯ ಮಟ್ಟ ಒಂದು ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಯಜಮಾನರು ಪ್ರತಿ ವಾರ ಅದನ್ನೇ ನೋಡಿ ಸಮಾಧಾನ ಪಟ್ಟುಕೊಂಡಿದ್ದರು.

ಮೂರು ಗಾಜಿನ ಲೋಟ

ರೇಡಿಯೇಟರ್‌ನಿಂದ ಒಂದು, ಬಾಟಲಿಯಿಂದ ಒಂದು, ಅದೇ ಬಗೆಯ ಹೊಸ ಕ್ಯಾನಿನಿಂದ ಒಂದು, ಹೀಗೆ ಮೂರು ಸ್ಯಾಂಪಲ್‌ಗಳನ್ನು ಗಾಜಿನ ಲೋಟಗಳಿಗೆ ತೆಗೆದು ಅಕ್ಕಪಕ್ಕ ಇಟ್ಟೆವು. ಹೋಲಿಸಲು ಹೊಸದೊಂದು ಎದುರಿಗೆ ಇಲ್ಲದಿದ್ದರೆ ಹಳೆಯದನ್ನು ಅಳೆಯುವುದು ಕಷ್ಟ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಬಾಟಲಿಯದ್ದು ಮತ್ತು ಹೊಸದು ಒಂದೇ ಥರ ಕಂಡವು. ರೇಡಿಯೇಟರ್‌ನದ್ದು ಮಾಸಲು ಕಂದು. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಅದು ಸುಮಾರು ಮೈನಸ್ 10 ಡಿಗ್ರಿ ತೋರಿಸಿತು. ಅಂದರೆ ಗ್ಲೈಕಾಲ್ ನೂರಕ್ಕೆ ಇಪ್ಪತ್ತರ ಚಿಲ್ಲರೆ. 4.5 ಲೀಟರ್‌ನಲ್ಲಿ 1 ಲೀಟರ್ ಕೂಲಂಟ್ ಅಂದರೆ ನೂರಕ್ಕೆ 22. ಬಿಲ್‌ಗೂ ಇದಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು.

ಈ ಹಂತದಲ್ಲಿ ಮಗ ಒಳ್ಳೆಯ ಪ್ರಶ್ನೆ ಕೇಳಿದರು. "ನಮ್ಮಲ್ಲಿ ಹಿಮ ಬೀಳಲ್ಲ. ಮೈನಸ್ 10 ಆದ್ರೇನು, ಮೈನಸ್ 34 ಆದ್ರೇನು ಸಾರ್?" ಹೆಪ್ಪುಗಟ್ಟುವ ಲೆಕ್ಕದಲ್ಲಿ ಅವರ ಮಾತು ಸರಿ. ಕುದಿಯುವ ಲೆಕ್ಕದಲ್ಲೂ ಗ್ಲೈಕಾಲ್‌ಗಿಂತ ಕ್ಯಾಪ್‌ನ ಪಾತ್ರ ದೊಡ್ಡದು. 0.9 ಬಾರ್ ಒತ್ತಡ ತಡೆಯುವ ಕ್ಯಾಪ್ ಸರಿಯಾಗಿ ಹಿಡಿದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಆದರೆ ಕೂಲಂಟ್ ಹಾಕುವುದಕ್ಕೆ ನಮ್ಮ ಹವೆಯಲ್ಲಿ ಮುಖ್ಯ ಕಾರಣ ಬೇರೆ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಕಬ್ಬಿಣ ಮತ್ತು ಅಲ್ಯುಮಿನಿಯಂ ಎರಡೂ ಒಂದೇ ನೀರಿನಲ್ಲಿ ಮುಳುಗಿ ನಿಂತಿರುವಾಗ ಅವನ್ನು ಕಾಯುವುದು ಆ ರಾಸಾಯನಿಕಗಳೇ. ಕೂಲಂಟನ್ನು ಐದು ಪಾಲು ಮಾಡಿ ತೆಳುಗೊಳಿಸಿದರೆ ಅವೂ ತೆಳುವಾಗುತ್ತವೆ. ವರ್ಷ ಕಳೆದಂತೆ ಖರ್ಚಾಗುತ್ತವೆ. ಗ್ಲೈಕಾಲ್ ಹಳೆಯದಾಗುತ್ತಾ ಆಮ್ಲವಾಗಿ ಒಡೆಯುತ್ತದೆ. ರಿಫ್ರ್ಯಾಕ್ಟೋಮೀಟರ್ ಇದ್ಯಾವುದನ್ನೂ ತೋರಿಸುವುದಿಲ್ಲ. ಅದು ಅಳೆಯುವುದು ಗ್ಲೈಕಾಲ್ ಪ್ರಮಾಣವನ್ನು ಮಾತ್ರ.

ಅದಕ್ಕೇ ಆಮ್ಲ ಹೆಚ್ಚಿದಷ್ಟೂ ಕಡಿಮೆ ಸಂಖ್ಯೆ ತೋರಿಸುವ ಪಿಎಚ್ ಕಾಗದ ಬಳಸಿದೆವು. ಹೊಸ ಕೂಲಂಟ್ ಸುಮಾರು 8 ತೋರಿಸಿತು, ಬಾಟಲಿಯದ್ದೂ ಹಾಗೆಯೇ. ರೇಡಿಯೇಟರ್‌ನದ್ದು 6ರಿಂದ 6.5ರ ನಡುವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಮಾದರಿಯ ಕೂಲಂಟ್ ಹೊಸದಿದ್ದಾಗಲೇ 10ರ ಹತ್ತಿರ ಇರುತ್ತದೆ, ಆರ್ಗ್ಯಾನಿಕ್ ಬಗೆಯದು 8ರ ಹತ್ತಿರ. ಹಾಗಾಗಿ ಒಂದೇ ಸಂಖ್ಯೆ ಹಿಡಿದು ಕೂರಬಾರದು. ಅದೇ ಬಗೆಯ ಹೊಸದಕ್ಕಿಂತ ಎಷ್ಟು ಇಳಿದಿದೆ ಎಂದು ನೋಡಬೇಕು. 7ಕ್ಕಿಂತ ಕೆಳಗೆ ಇಳಿದರೆ ಮಾತ್ರ ಯಾವ ಬಗೆಯದಾದರೂ ಇಟ್ಟುಕೊಳ್ಳುವಂತಿಲ್ಲ.

ಮಲ್ಟಿಮೀಟರ್‌ನ ಒಂದು ತುದಿಯನ್ನು ಕೂಲಂಟ್‌ನಲ್ಲಿ ಅದ್ದಿ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ವೋಲ್ಟೇಜ್ ನೋಡುವ ಪದ್ಧತಿಯೂ ಇದೆ. ಓದು ಜಾಸ್ತಿ ಬಂದಷ್ಟೂ ಕೂಲಂಟ್ ಕೆಟ್ಟಿದೆ ಎಂಬ ಲೆಕ್ಕ. ಮಗ ಅದನ್ನೂ ಮಾಡಿ ನೋಡಿದರು, 0.4 ವೋಲ್ಟ್ ಬಂತು. ನಾನು ಇದಕ್ಕೆ ಜಾಸ್ತಿ ತೂಕ ಕೊಡಲಿಲ್ಲ. ಅರ್ತಿಂಗ್ ಕೆಟ್ಟಿದ್ದರೂ ಓದು ಏರುಪೇರಾಗುತ್ತದೆ.

ಸಂಜೆ ಲೋಟಗಳನ್ನು ಅಲುಗಾಡಿಸದೆ ಕಿಟಕಿಯ ಹತ್ತಿರ ಬಿಟ್ಟೆವು. ಮಾರನೇ ಬೆಳಿಗ್ಗೆ ರೇಡಿಯೇಟರ್‌ನ ಲೋಟದ ತಳದಲ್ಲಿ ಕೆಂಪು ಪುಡಿ ಕೂತಿತ್ತು. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ಯಜಮಾನರಿಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಯಿತು. ಬದಲಿಸುವ ನಿರ್ಧಾರ ಅಲ್ಲಿಗೆ ಆಯಿತು.

ಬಿಳಿ ಲೋಳೆಯ ಪ್ರಶ್ನೆ

ಹೆಡ್ ಗ್ಯಾಸ್ಕೆಟ್ ಅನುಮಾನ ಇನ್ನೂ ಬಾಕಿ ಇತ್ತು. ಅದು ನಿಜವಾದರೆ ಹೊಸ ಕೂಲಂಟ್ ಹಾಕಿ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಇದನ್ನು ತೀರ್ಮಾನಿಸಬೇಕಿತ್ತು.

ಮೆಕ್ಯಾನಿಕ್ ಅನುಮಾನಕ್ಕೆ ಆಧಾರವೇ ಇಲ್ಲ ಎನ್ನುವ ಹಾಗಿರಲಿಲ್ಲ. ರೇಡಿಯೇಟರ್‌ನಲ್ಲಿ ಮಟ್ಟ ಇಳಿದಿದೆ, ಆಯಿಲ್ ಮುಚ್ಚಳದಲ್ಲಿ ಬಿಳಿ ಲೋಳೆ ಇದೆ. ಎರಡನ್ನೂ ಸೇರಿಸಿದರೆ ಯಾರಿಗಾದರೂ ಗ್ಯಾಸ್ಕೆಟ್ ನೆನಪಾಗುತ್ತದೆ. ಆದರೆ ಮಟ್ಟ ಇಳಿದದ್ದಕ್ಕೆ ಇಲಿ ಕಡಿದ ಪೈಪ್ ಉತ್ತರ ಕೊಟ್ಟಾಗಿತ್ತು. ಲೋಳೆಗೂ ಬೇರೆ ಉತ್ತರ ಇದ್ದೀತು ಎನಿಸಿತು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಪಿಸ್ಟನ್ ಪಕ್ಕದಿಂದ ಆಯಿಲ್ ಇರುವ ಕಡೆ ಇಳಿಯುತ್ತದೆ. ಕಾರು ಅರ್ಧ ಗಂಟೆ ಚೆನ್ನಾಗಿ ಓಡಿದರೆ ಆಯಿಲ್ ಬಿಸಿಯಾಗಿ ಆ ತೇವ ಆರಿಹೋಗುತ್ತದೆ. ಐದು ಹತ್ತು ನಿಮಿಷ ನಿಂತಲ್ಲೇ ಓಡಿಸಿ ನಿಲ್ಲಿಸಿದರೆ ತೇವ ತಣ್ಣಗಿನ ಮುಚ್ಚಳಕ್ಕೆ ಅಂಟಿ ಆಯಿಲ್ ಜೊತೆ ಬೆರೆತು ಲೋಳೆಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಊಹೆ ಎಷ್ಟೇ ಸರಿಯೆನಿಸಿದರೂ ಪರೀಕ್ಷೆ ಮಾಡಲೇಬೇಕಿತ್ತು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿದೆವು, ಆಯಿಲ್ ಕಪ್ಪಾಗಿತ್ತು, ಹಾಲಿನ ಬಣ್ಣ ಇರಲಿಲ್ಲ, ಮಟ್ಟ ಏರಿರಲಿಲ್ಲ. ರೇಡಿಯೇಟರ್ ನೀರಿನ ಮೇಲೆ ಎಣ್ಣೆಯ ಪದರ ಇರಲಿಲ್ಲ. ಆಮೇಲೆ ಕ್ಯಾಪ್ ಜಾಗದಲ್ಲಿ ಪ್ರೆಶರ್ ಟೆಸ್ಟರ್ ಕೂರಿಸಿ 0.9 ಬಾರ್‌ವರೆಗೆ ಪಂಪ್ ಮಾಡಿದೆವು. ಕಾಲು ಗಂಟೆ ಮುಳ್ಳು ಇಳಿಯಲಿಲ್ಲ. ಟೆಸ್ಟರ್ ಕೂರುವುದು ಕ್ಯಾಪ್ ಜಾಗದಲ್ಲಿ, ತೆಳು ಪೈಪ್ ಇರುವುದು ಅದರ ಆಚೆ. ಹಾಗಾಗಿ ಪೈಪ್ ತೂತಾಗಿದ್ದರೂ ಈ ಪರೀಕ್ಷೆ ಪಾಸ್ ಆಗುತ್ತದೆ. ಸೋರಿಕೆ ಇರುವುದು ಕ್ಯಾಪ್‌ನ ಆಚೆ ಮಾತ್ರ ಎಂಬುದೂ ಇದರಿಂದ ಗಟ್ಟಿಯಾಯಿತು.

ಕೊನೆಗೆ ಮಟ್ಟವನ್ನು ಡಿಸ್ಟಿಲ್ಡ್ ವಾಟರ್‌ನಿಂದ ಸರಿಮಾಡಿ, ಕ್ಯಾಪ್ ಇಲ್ಲದೆಯೇ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗುವವರೆಗೆ ಓಡಿಸಿದೆವು. ಬ್ಲಾಕ್ ಟೆಸ್ಟರ್‌ನ ನೀಲಿ ದ್ರವದ ಮೂಲಕ ರೇಡಿಯೇಟರ್ ಕತ್ತಿನ ಗಾಳಿಯನ್ನು ಎಳೆದೆವು. ಉರಿದ ಹೊಗೆ ಕೂಲಂಟ್‌ಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆ. ನೀಲಿಯಾಗಿಯೇ ಉಳಿಯಿತು. ಹೆಡ್ ಬಿಚ್ಚುವ ಮಾತು ಅಲ್ಲಿಗೆ ನಿಂತಿತು. ಮೆಕ್ಯಾನಿಕ್ ಕೂಡ ಪಕ್ಕದಲ್ಲೇ ನಿಂತು ನೋಡಿ ಒಪ್ಪಿಕೊಂಡರು.

ಬದಲಿಸಿದ ಬಗೆ

ರೇಡಿಯೇಟರ್ ಕೆಳಗಿನ ಸ್ಕ್ರೂ ತೆಗೆದರೆ ಪೂರ್ತಿ ಖಾಲಿಯಾಗುವುದಿಲ್ಲ, ಬ್ಲಾಕ್ ಒಳಗೆ ಸಾಕಷ್ಟು ಉಳಿಯುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಓಡಿಸಿ, ತಣ್ಣಗಾದ ಮೇಲೆ ಇಳಿಸಿ, ಬರುವ ನೀರು ತಿಳಿಯಾಗುವವರೆಗೂ ಹೀಗೇ ಮಾಡಿದೆವು. ನಲ್ಲಿ ನೀರು, ಬೋರ್ ನೀರು ಬಳಸಲಿಲ್ಲ. ಅದರಲ್ಲಿನ ಸುಣ್ಣದಂಶ ಬಿಸಿ ಲೋಹದ ಮೇಲೆ ಪದರ ಕಟ್ಟುತ್ತದೆ, ಕ್ಲೋರೈಡ್ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ.

ಹಳೆಯ ಕೂಲಂಟನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು ಎತ್ತರದಲ್ಲಿ ಇಟ್ಟೆವು. ಎಥಿಲೀನ್ ಗ್ಲೈಕಾಲ್ ವಿಷ, ಜೊತೆಗೆ ರುಚಿ ಸಿಹಿ. ನೆಲದ ಮೇಲೆ ಬಿದ್ದದ್ದನ್ನು ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಆ ಮನೆಯಲ್ಲಿ ನಾಯಿಯೂ ಇತ್ತು, ಚಿಕ್ಕ ಮಕ್ಕಳೂ ಬಂದು ಹೋಗುತ್ತಿದ್ದರು. ಅದಕ್ಕೇ ಕೆಲಸ ಮುಗಿದ ಮೇಲೆ ನೆಲವನ್ನು ನೀರು ಹಾಕಿ ಚೆನ್ನಾಗಿ ಉಜ್ಜಿ ತೊಳೆದೆವು.

ತುಂಬುವಾಗ ಒಂದು ಲೆಕ್ಕ ಬಹಳ ಮುಖ್ಯ. ಕೊನೆಯ ಸಲ ಇಳಿಸಿದಾಗ ಹೊರಬಂದದ್ದು 2.5 ಲೀಟರ್. ಅಂದರೆ ಒಳಗೆ ಇನ್ನೂ 2 ಲೀಟರ್ ಬರೀ ನೀರಿದೆ. ಈಗ ರೆಡಿ ಮಿಕ್ಸ್ 2.5 ಲೀಟರ್ ಸುರಿದರೆ ಅದರಲ್ಲಿ ಅಸಲಿ ಕೂಲಂಟ್ 1.25 ಲೀಟರ್ ಮಾತ್ರ. 4.5 ಲೀಟರ್‌ಗೆ ಅದು ನೂರಕ್ಕೆ 28 ಆಗುತ್ತದೆ, ಮತ್ತೆ ಮೊದಲಿನ ಕಥೆಯೇ. ಹಾಗಾಗಿ ನೀರು ಬೆರೆಸದ ಕಾನ್ಸಂಟ್ರೇಟ್ ತಂದು ಮೊದಲು 2.25 ಲೀಟರ್ ಹಾಕಿದೆವು. ಉಳಿದ ಕಾಲು ಲೀಟರ್ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಬಾಟಲಿಗೆ ಅರ್ಧಕ್ಕರ್ಧ ಮಿಶ್ರಣ. ಕೂಲಂಟ್ ಆರಿಸಿದ್ದು ಬಣ್ಣ ನೋಡಿ ಅಲ್ಲ, ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ್ದ ಬಗೆಯದು, ಕ್ಯಾನಿನ ಮೇಲೆ ಜೆಐಎಸ್ ಕೆ 2234 (ಕೂಲಂಟ್‌ಗೆ ಇರುವ ಜಪಾನಿನ ಮಾನದಂಡ) ಎಂದು ಬರೆದದ್ದು ತಂದೆವು.

ತೆಳು ಪೈಪ್ ಮತ್ತು ರಬ್ಬರ್ ಗಟ್ಟಿಯಾಗಿದ್ದ ಕ್ಯಾಪ್ ಬದಲಾದವು. ಕೆಳಗಿನ ಹೋಸನ್ನು ಕ್ಲಿಪ್ಪಿನ ಹತ್ತಿರ ಹಿಸುಕಿದರೆ ಮೆತ್ತಗಾಗಿತ್ತು, ಅದೂ ಬದಲಾಯಿತು. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದಂತೂ ಇದ್ದೇ ಇತ್ತು. ಗಾಳಿ ಹೋಗುವವರೆಗೆ, ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಓಡಿಸಿದೆವು.

ಆಮೇಲೆ ಏನಾಯಿತು

ಮಾರನೇ ಬೆಳಿಗ್ಗೆ ಬಾಟಲಿಯಲ್ಲಿ ಮಟ್ಟ ಸ್ವಲ್ಪ ಇಳಿದಿತ್ತು, ರೇಡಿಯೇಟರ್ ಕತ್ತಿನವರೆಗೆ ತುಂಬಿತ್ತು. ಪೈಪ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಮೊದಲು ಊರ ಸುತ್ತ ಓಡಿಸಿ, ದಿನಾ ಬೆಳಿಗ್ಗೆ ಮಟ್ಟ ನೋಡಲು ಹೇಳಿದೆವು. ಉಡುಪಿ ಪ್ರಯಾಣ ಚೆನ್ನಾಗಿ ಆಯಿತು. ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೆ ಹೋಗಲಿಲ್ಲ. ಆಯಿಲ್ ಮುಚ್ಚಳದ ಬಿಳಿ ಲೋಳೆ ಮತ್ತೆ ಬರಲಿಲ್ಲ.

ಆದರೆ ಫೆಬ್ರುವರಿಯಲ್ಲಿ ಯಜಮಾನರಿಂದ ಫೋನ್ ಬಂತು. ಬಾಟಲಿಯ ಮಟ್ಟ ವಾರಕ್ಕೆ ಒಂದಿಷ್ಟು ಇಳಿಯುತ್ತಿದೆ ಎಂದರು. ನೋಡಿದರೆ ವಾಟರ್ ಪಂಪ್‌ನ ಕೆಳಗಿನ ಸಣ್ಣ ರಂಧ್ರದಿಂದ ಹನಿ ಬರುತ್ತಿತ್ತು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಪಂಪ್ ಸೀಲ್ ಗಟ್ಟಿಯಾಗುವುದು ಅಪರೂಪವಲ್ಲ. ಪಂಪ್ ಬದಲಿಸಿದೆವು. ಹೊಸ ಕೂಲಂಟ್ ಒಂದಿಷ್ಟು ನಷ್ಟವಾಯಿತು.

ಮೊದಲೇ ಪಂಪ್ ಬದಲಿಸಬೇಕಿತ್ತಲ್ವಾ ಎಂದು ಮಗ ಕೇಳಿದರು. ಡಿಸೆಂಬರ್‌ನಲ್ಲಿ ಅದು ಸೋರುತ್ತಿರಲಿಲ್ಲ, ಒತ್ತಡ ಪರೀಕ್ಷೆಯಲ್ಲೂ ಹಿಡಿದಿತ್ತು. ಅನುಮಾನದ ಮೇಲೆ ಚೆನ್ನಾಗಿರುವ ಭಾಗ ಬದಲಿಸುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ನಿಂತ ಕಾರನ್ನು ರಸ್ತೆಗೆ ಇಳಿಸಿದ ಮೇಲೆ ಎರಡು ಮೂರು ತಿಂಗಳು ಮಟ್ಟ ನೋಡುತ್ತಾ ಇರುವುದು ಅದಕ್ಕಿಂತ ಒಳ್ಳೆಯ ದಾರಿ. ಯಜಮಾನರು ಬಾಟಲಿ ನೋಡುವ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಪೈಪ್ ಸರಿಯಾದ ಮೇಲೆ ಆ ಬಾಟಲಿ ನಿಜ ಹೇಳತೊಡಗಿತ್ತು, ಹಾಗಾಗಿಯೇ ಸೋರಿಕೆ ಬೇಗ ಗೊತ್ತಾಯಿತು.

ಬೇರೆ ಕಾರಿಗೆ ಹೊಂದಿಸುವಾಗ

ನಿಂತ ಕಾರುಗಳಿಗೆಲ್ಲ ಕೂಲಂಟ್ ಬದಲಿಸಲೇಬೇಕು ಎಂಬ ತೀರ್ಮಾನ ಈ ಪ್ರಕರಣದಿಂದ ಹೊರಡುವುದಿಲ್ಲ. ಇದೇ ಕ್ರಮದಲ್ಲಿ ನೋಡಿದರೆ ಇನ್ನೊಂದು ಕಾರಿಗೆ ಬೇಡ ಎಂಬ ಉತ್ತರವೂ ಬರಬಹುದು. ಕೂಲಂಟ್ ಪೂರ್ತಿ ಬದಲಾದ ತಾರೀಖು ಬಿಲ್‌ನಲ್ಲಿದ್ದು, ಮ್ಯಾನುಯಲ್ ಹೇಳಿದ ವರ್ಷಗಳು ಮುಗಿದಿಲ್ಲ ಎಂದಿಟ್ಟುಕೊಳ್ಳಿ. ರೇಡಿಯೇಟರ್‌ನಿಂದ ತೆಗೆದ ಸ್ಯಾಂಪಲ್ ತಿಳಿಯಾಗಿದೆ, ರಾತ್ರಿ ಬಿಟ್ಟರೂ ಗಸಿ ಕೂತಿಲ್ಲ, ಗ್ಲೈಕಾಲ್ ಪ್ರಮಾಣ ಸರಿಯಿದೆ, ಪಿಎಚ್ ಹೊಸದಕ್ಕೆ ಹತ್ತಿರವಿದೆ. ಅಂಥ ಕೂಲಂಟನ್ನು ಸುಮ್ನೆ ಚೆಲ್ಲಬೇಕಿಲ್ಲ. ಹೋಸ್, ಕ್ಯಾಪ್, ತೆಳು ಪೈಪ್ ನೋಡಿಕೊಂಡು ಓಡಿಸಬಹುದು.

ದಾಖಲೆಯೇ ಇಲ್ಲದಿದ್ದರೆ ಮಾತು ಬೇರೆ. ಯಾವ ಬಗೆಯ ಕೂಲಂಟ್ ಇದೆ, ಯಾವಾಗ ಹಾಕಿದ್ದು ಎಂದು ಯಾರಿಗೂ ಗೊತ್ತಿಲ್ಲ, ಐದು ವರ್ಷ ಕಳೆದಿದೆ ಎಂದಾದರೆ ಪರೀಕ್ಷೆಗೆ ಹೆಚ್ಚು ಹೊತ್ತು ಕಳೆಯದೆ ಬದಲಿಸುವುದೇ ಸರಿ. ಈ ಕಾರಿನಲ್ಲಿ ಕೂಲಂಟ್, ಡಿಸ್ಟಿಲ್ಡ್ ವಾಟರ್, ಪೈಪ್, ಕ್ಯಾಪ್ ಎಲ್ಲ ಸೇರಿ ಖರ್ಚು ಎರಡು ಸಾವಿರ ದಾಟಲಿಲ್ಲ. ಆದರೆ ಆಗಲೂ ಸೋರಿಕೆ ಇದೆಯಾ ಎಂದು ಮೊದಲು ನೋಡಿ. ಹೊಸ ಕೂಲಂಟ್ ಹಾಕಿದ ದಿನಾಂಕ, ಬಗೆ ಮತ್ತು ಎಷ್ಟು ಲೀಟರ್ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಕೆಳಗೆ ಅಂಟಿಸಿ. ಈ ಕಾರಿಗೆ ನಾವು ಅಂಟಿಸಿದ ಚೀಟಿಯ ಪಕ್ಕದಲ್ಲಿ ಯಜಮಾನರು ಪಂಪ್ ಬದಲಿಸಿದ ತಾರೀಖನ್ನೂ ಬರೆದಿಟ್ಟಿದ್ದಾರೆ. ಭಾನುವಾರದ ಐದು ನಿಮಿಷದ ಸ್ಟಾರ್ಟ್ ಈಗ ಇಲ್ಲ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿಕೊಂಡು ಬರುತ್ತಾರೆ.